ಅಚ್ಚು ಕಲಿಸುವ ಶಾಲೆ

ಮಕ್ಕಳೇ, ಈ ಪುಟ ಓದುವ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಅಡುಗೆಮನೆಗೆ ಹೋಗಿ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವೊಂದನ್ನು ತನ್ನಿ. ಬೆಳಕಿಗೆ ಹಿಡಿದು ಒಳಮೈ ನೋಡಿ. ಬಹಳಷ್ಟು ಮುಚ್ಚಳಗಳಲ್ಲಿ ಅಲ್ಲಲ್ಲಿ ದುಂಡನೆಯ ಪುಟ್ಟ ಗುರುತುಗಳು ಕಾಣುತ್ತವೆ. ಮೇಲ್ಭಾಗದ ನಡುವೆ ಬೆರಳಾಡಿಸಿದರೆ ಸಾಸಿವೆ ಕಾಳಿನಷ್ಟು ಒರಟು ಸಿಗುತ್ತದೆ. ಪ್ಲಾಸ್ಟಿಕ್ ಆಟದ ಕಾರೇನಾದರೂ ಇದ್ದರೆ ಅದರ ಮೈಮೇಲೆ ಉಗುರು ಎಳೆಯಿರಿ. ಎಲ್ಲೋ ಒಂದು ಕಡೆ ಕೂದಲೆಳೆಯಂಥ ಗೆರೆ ತಾಕುತ್ತದೆ.

ಇವು ಆ ವಸ್ತುವಿನ ಹುಟ್ಟುಗುರುತುಗಳು. ಕರಗಿದ ಪ್ಲಾಸ್ಟಿಕ್ ಉಕ್ಕಿನ ಅಚ್ಚಿನೊಳಗೆ ನುಗ್ಗಿದ ಜಾಗವೇ ಆ ಸಾಸಿವೆ ಕಾಳು. ಅಚ್ಚಿನ ಎರಡು ಹೋಳು ಕೂಡಿದ ಕಡೆ ಆ ಗೆರೆ. ಮುಚ್ಚಳ ಗಟ್ಟಿಯಾದ ಮೇಲೆ ಅದನ್ನು ಅಚ್ಚಿನಿಂದ ಹೊರಕ್ಕೆ ತಳ್ಳಿದ ಉಕ್ಕಿನ ಕಡ್ಡಿಗಳ ತುದಿ ಆ ದುಂಡು ಗುರುತು. ಹಲ್ಲುಜ್ಜುವ ಬ್ರಷ್ಷಿನಿಂದ ಹಿಡಿದು ಸ್ವಿಚ್ಚು, ಬಕೆಟ್ಟು, ಮೊಬೈಲಿನ ಕವಚದವರೆಗೆ ಸಾವಿರ, ಲಕ್ಷದ ಲೆಕ್ಕದಲ್ಲಿ ಒಂದೇ ಥರ ಹುಟ್ಟುವ ವಸ್ತುಗಳೆಲ್ಲದರ ಹಿಂದೆ ಒಂದು ಅಚ್ಚು ಇರುತ್ತದೆ. ಅಚ್ಚು ಚೆನ್ನಾಗಿದ್ದರೆ ವಸ್ತು ಚೆನ್ನ. ಅಚ್ಚು ಕೂದಲೆಳೆಯಷ್ಟು ತಪ್ಪಿದರೆ ಲಕ್ಷ ಮುಚ್ಚಳವೂ ತಪ್ಪು.

ಅಚ್ಚು ಎಂದರೆ ನಮ್ಮ ಕಡೆಯವರಿಗೆ ಹೊಸದಲ್ಲ. ಆಲೆಮನೆಯಲ್ಲಿ ಬೆಲ್ಲದ ಅಚ್ಚನ್ನು ನೋಡಿದ್ದೀರಲ್ಲ? ಅದರ ಗುಳಿ ಮೇಲೆ ಅಗಲ, ಕೆಳಗೆ ಕಿರಿದು. ಗೋಡೆ ನೆಟ್ಟಗಿದ್ದರೆ ಬೆಲ್ಲ ಅಂಟಿಕೊಂಡು ಕೂರುತ್ತದೆ, ಓರೆಯಿದ್ದರೆ ಮಗುಚಿದ ಕೂಡಲೇ ಬಿದ್ದುಬಿಡುತ್ತದೆ. ಚಕ್ಕುಲಿ ಒರಳಿನ ಬಿಲ್ಲೆಯೂ ಒಂದು ಅಚ್ಚೇ. ಬಿಲ್ಲೆಯ ತೂತು ನಕ್ಷತ್ರದಂತಿದ್ದರೆ ಚಕ್ಕುಲಿಗೆ ಮುಳ್ಳು ಬರುತ್ತದೆ. ಅಲ್ಯೂಮಿನಿಯಂ ಕಿಟಕಿಯ ಪಟ್ಟಿಗಳನ್ನು ಕಾರ್ಖಾನೆಯಲ್ಲಿ ಒತ್ತುವುದೂ ಹೆಚ್ಚುಕಡಿಮೆ ಹೀಗೆಯೇ. ಹಿಟ್ಟಿನ ಬದಲು ಕಾದ ಲೋಹ, ಅಜ್ಜಿಯ ಕೈಯ ಬದಲು ಯಂತ್ರ.

ಹಾಗಾದರೆ ಈ ಅಚ್ಚುಗಳನ್ನು ಮಾಡುವವರು ಯಾರು? ಅದನ್ನು ಎಲ್ಲಿ ಕಲಿಯುತ್ತಾರೆ? ಪುಸ್ತಕ ಓದಿ ಕಲಿಯುತ್ತಾರೋ, ಕೈಯಿಂದ ಮಾಡಿ ಕಲಿಯುತ್ತಾರೋ? ಈ ವಾರದ ಮಾತು ಅದೇ. ಎಸ್ಸೆಲ್ಸಿ ಮುಗಿಸಿದ ಮಕ್ಕಳಿರುವ ಮನೆಯ ಹಿರಿಯರೂ ಸ್ವಲ್ಪ ಹತ್ತಿರ ಬಂದು ಕೂತುಕೊಳ್ಳಿ.

ಬೆಂಗಳೂರಿನ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ 'ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ' ಎಂಬ ಸಂಸ್ಥೆ ಇದೆ. ಹೆಸರು ಉದ್ದವಾದ್ದರಿಂದ ಎಲ್ಲರೂ ಜಿಟಿಟಿಸಿ ಎನ್ನುತ್ತಾರೆ. ಡೆನ್ಮಾರ್ಕ್ ದೇಶದ ನೆರವಿನಿಂದ 1972ರಲ್ಲಿ ಶುರುವಾಯಿತು. 1992ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ಈಗ ಕರ್ನಾಟಕದ ಹಲವು ಊರುಗಳಲ್ಲಿ ಅದರ ಕೇಂದ್ರಗಳಿವೆ. ಮೈಸೂರಿನಲ್ಲಿದೆ, ನಮ್ಮ ಜಿಲ್ಲೆಯ ಗುಂಡ್ಲುಪೇಟೆಯಲ್ಲೂ ಇದೆ.

ಇದರ ಹೆಸರಿನಲ್ಲೇ ಎರಡು ಮಾತಿದೆ, ಗಮನಿಸಿ. ಒಂದು ಉಪಕರಣಾಗಾರ, ಇನ್ನೊಂದು ತರಬೇತಿ ಕೇಂದ್ರ. ಅಂದರೆ ಕಾರ್ಖಾನೆಗಳಿಗೆ ಬೇಕಾದ ಅಚ್ಚು, ಉಪಕರಣಗಳನ್ನು ನಿಜವಾಗಿ ಮಾಡಿಕೊಡುವ ಜಾಗವೂ ಹೌದು, ಮಕ್ಕಳಿಗೆ ಪಾಠ ಹೇಳುವ ಜಾಗವೂ ಹೌದು. ಇಲ್ಲಿನ ಹೆಸರಾದ ಕೋರ್ಸು ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ. ಎಸ್ಸೆಲ್ಸಿ ಪಾಸಾದವರು ಸೇರಬಹುದು. ಮೂರು ವರ್ಷ ಸಂಸ್ಥೆಯಲ್ಲಿ ಪಾಠ ಮತ್ತು ಯಂತ್ರದ ಕೆಲಸ, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲಿ ತರಬೇತಿ. ಆ ಕೊನೆಯ ವರ್ಷ ಇಷ್ಟವಿದ್ದವರಿಗೆ ಮಾತ್ರ ಎಂಬಂಥದ್ದಲ್ಲ. ಅದು ಕೋರ್ಸಿನದೇ ಒಂದು ಭಾಗ.

ಹೀಗೆ ಶಾಲೆ ಮತ್ತು ಕಾರ್ಖಾನೆ ಎರಡೂ ಸೇರಿ ಒಂದು ಮಗುವಿಗೆ ಕಲಿಸುವ ಪದ್ಧತಿಗೆ ಹೊರದೇಶಗಳಲ್ಲಿ ಕೋ-ಆಪರೇಟಿವ್ ಶಿಕ್ಷಣ ಎಂಬ ಹೆಸರಿದೆ. ಕೋ-ಆಪರೇಟಿವ್ ಎಂದ ತಕ್ಷಣ ನಮ್ಮೂರಿನವರಿಗೆ ಹಾಲಿನ ಡೇರಿ, ಗೊಬ್ಬರದ ಸೊಸೈಟಿ ನೆನಪಾಗುತ್ತದೆ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಲೆಡ್ಜರು ಬರೆದ ನನಗೂ ಮೊದಲು ನೆನಪಾಗುವುದು ಷೇರು, ಡಿವಿಡೆಂಡು, ಸರ್ವಸದಸ್ಯರ ಸಭೆಯೇ. ಇಲ್ಲಿ ಅರ್ಥ ಬೇರೆ. ಶಾಲೆಯದೊಂದು ಹೆಗಲು, ಕಾರ್ಖಾನೆಯದೊಂದು ಹೆಗಲು. ಮಧ್ಯೆ ಕಲಿಯುವ ಮಗು.

ಈ ಪದ್ಧತಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಅಮೆರಿಕದ ಸಿನ್ಸಿನಾಟಿ ನಗರದ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಸಿವಿಲ್ ಎಂಜಿನಿಯರ್ ಮೇಷ್ಟ್ರಾಗಿದ್ದರು. ಓದುವಾಗಲೇ ಎಲ್ಲಾದರೂ ಕೆಲಸ ಮಾಡಿದ ಹುಡುಗರು ಮುಂದೆ ಒಳ್ಳೆಯ ಎಂಜಿನಿಯರುಗಳಾಗುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಕೆಲವು ಪಾಠಗಳನ್ನು ತರಗತಿಯೊಳಗೆ ಎಷ್ಟು ಹೇಳಿದರೂ ಹತ್ತುವುದಿಲ್ಲ, ಕೆಲಸದ ಜಾಗದಲ್ಲೇ ಹತ್ತಬೇಕು ಎಂದು ಅವರಿಗೆ ಅನಿಸಿತು. ಆ ಊರು ಯಂತ್ರ ತಯಾರಿಸುವ ಕಾರ್ಖಾನೆಗಳಿಗೆ ಹೆಸರಾದದ್ದು. ಊರು ತುಂಬ ಕಾರ್ಖಾನೆಗಳಿರುವಾಗ ಕಾಲೇಜಿನಲ್ಲಿ ಅದೇ ಯಂತ್ರಗಳನ್ನು ಮತ್ತೆ ಕೊಂಡು ಇಡುವುದೇಕೆ? ಮಕ್ಕಳನ್ನೇ ಅಲ್ಲಿಗೆ ಕಳಿಸಿದರಾಯಿತಲ್ಲ?

1906ರಲ್ಲಿ 27 ವಿದ್ಯಾರ್ಥಿಗಳೊಂದಿಗೆ ಶುರುಮಾಡಿದರು. ವ್ಯವಸ್ಥೆ ಬಹಳ ಸರಳ. ಇಬ್ಬಿಬ್ಬರು ಹುಡುಗರನ್ನು ಜೋಡಿ ಮಾಡುವುದು. ಈ ವಾರ ಒಬ್ಬ ತರಗತಿಯಲ್ಲಿ, ಇನ್ನೊಬ್ಬ ಕಾರ್ಖಾನೆಯಲ್ಲಿ. ಮುಂದಿನ ವಾರ ಅದಲು ಬದಲು. ಕಾರ್ಖಾನೆಯ ಯಂತ್ರದ ಮುಂದೆ ಯಾವಾಗಲೂ ಒಬ್ಬ ಇರುತ್ತಾನೆ, ತರಗತಿಯ ಬೆಂಚಿನ ಮೇಲೂ ಒಬ್ಬ ಇರುತ್ತಾನೆ. ನಮ್ಮ ಹಳ್ಳಿಯಲ್ಲಿ ಒಂದು ಜೊತೆ ಎತ್ತನ್ನು ಎರಡು ಮನೆಯವರು ಸರದಿಯ ಮೇಲೆ ಹೂಡುವುದಿಲ್ಲವೇ, ಹಾಗೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಶುರುವಾದದ್ದೇ ಈ ಪದ್ಧತಿಯ ಎಂಜಿನಿಯರಿಂಗ್ ಪಾಠದಿಂದ. ಅಲ್ಲಿ ವಾರದ ಬದಲು ನಾಲ್ಕು ತಿಂಗಳ ಸರದಿ. ನಮ್ಮ ದೇಶದಲ್ಲಿ ರಾಜಸ್ಥಾನದ ಪಿಲಾನಿಯ ಬಿರ್ಲಾ ಸಂಸ್ಥೆ 1973ರಲ್ಲಿ 'ಪ್ರಾಕ್ಟೀಸ್ ಸ್ಕೂಲ್' ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ಕೈಗಾರಿಕೆಗಳಿಗೆ ಕಳಿಸತೊಡಗಿತು. ಬಿಡದಿಯಲ್ಲಿ ಟೊಯೊಟಾ ಕಂಪನಿ 2007ರಿಂದ ಹಳ್ಳಿಗಾಡಿನ ಬಡ ಕುಟುಂಬದ ಮಕ್ಕಳಿಗೆಂದು ಎಸ್ಸೆಲ್ಸಿ ನಂತರದ ಮೂರು ವರ್ಷದ ತರಬೇತಿ ಶಾಲೆ ನಡೆಸುತ್ತಿದೆ.

ಅಷ್ಟು ದೂರವೇಕೆ, ನಮ್ಮ ಮಗ್ಗುಲಿನ ಮಾತಿಗೇ ಬನ್ನಿ. ಮುಳ್ಳೂರಿನವರಾದ ನಾವು ಕಾವೇರಿಯ ಜನ. ನಮ್ಮೂರನ್ನು ದಾಟಿದ ಹೊಳೆ ಶಿವನಸಮುದ್ರದಲ್ಲಿ ಈ ಕಡೆ ಭರಚುಕ್ಕಿಯಾಗಿ, ಆ ಕಡೆ ಗಗನಚುಕ್ಕಿಯಾಗಿ ಧುಮುಕುತ್ತದೆ. ಹಿರಿಯರು ಈಗಲೂ 'ಬ್ಲಫು' ಎಂದು ಕರೆಯುವ ಅಲ್ಲಿನ ವಿದ್ಯುದಾಗಾರ 1902ರಲ್ಲಿ ಕೆಲಸ ಶುರುಮಾಡಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಯೋಜನೆ. ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ತಂತಿ ಎಳೆದರು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿದ್ದೂ ನಮ್ಮ ಹೊಳೆಯ ನೀರಿನಿಂದಲೇ. ಯಂತ್ರಗಳು ಮಾತ್ರ ಅಮೆರಿಕ, ಸ್ವಿಟ್ಜರ್ಲೆಂಡ್‌ಗಳಿಂದ ಹಡಗಿನಲ್ಲಿ ಬಂದವು. ಕೂರಿಸುವುದಕ್ಕೆ ಅಲ್ಲಿನ ಎಂಜಿನಿಯರುಗಳೂ ಬಂದರು. ನೀರು ನಮ್ಮದು, ಯಂತ್ರ ಅವರದು. ಯಂತ್ರ ಕೊಳ್ಳಲು ದುಡ್ಡು ಹೊಂದಿಸಬಹುದು, ಅದನ್ನು ಬಲ್ಲ ಕೈಯನ್ನು ನಾವೇ ಬೆಳೆಸಿಕೊಳ್ಳಬೇಕು.

ಆ ಕೊರತೆಯನ್ನು ಚೆನ್ನಾಗಿ ಅರಿತವರು ಸರ್ ಎಂ. ವಿಶ್ವೇಶ್ವರಯ್ಯನವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚು ತೂಗಿಸಿಕೊಂಡವರು ಅವರು. ಮುಂದೆ ಮೈಸೂರಿನ ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಶುರುಮಾಡಿಸಿದರು. ಕೆ.ಆರ್. ಸರ್ಕಲ್ಲಿನಲ್ಲಿರುವ ಇಂದಿನ ಯುವಿಸಿಇ ಅದೇ. ಅಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. 1943ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಲು ಕಾರಣರಾದರು. ಇಂದಿನ ಎಸ್.ಜೆ. ಪಾಲಿಟೆಕ್ನಿಕ್ ಎಂದರೆ ಅದು. ಕೈಕೆಲಸದ ಕಲಿಕೆಗೂ ಡಿಗ್ರಿಯ ಕಲಿಕೆಗೂ ನಾಡಿನಲ್ಲಿ ಸ್ಥಳ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇಷ್ಟಿದ್ದರೂ ನಮ್ಮ ಮನೆಗಳಲ್ಲಿ ಡಿಪ್ಲೊಮಾ ಎಂದರೆ ಒಂದು ಮೆಟ್ಟಿಲು ಕೆಳಗೆ. ಮಾರ್ಕ್ಸ್ ಕಡಿಮೆ ಬಂದವರು ಹೋಗುವ ದಾರಿ ಎಂಬ ಭಾವನೆ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ರೈತರೊಬ್ಬರು ನನ್ನ ಹತ್ತಿರ ಬಂದರು. ಮಗಳು ಎಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು.

"ಸಾ, ಅರ್ಧ ಎಕರ ಗದ್ದ ಅದ. ಮಾರ್ಬುಟ್ಟು ಮೊಗೀನ ಇಂಜಿನಿಯರ್ ಓದ್ಸನ ಅಂತ ಇವ್ನಿ. ನೀವು ಬ್ಯಾಂಕ್‌ನಲ್ಲಿ ಇದ್ದೋರು, ವಸಿ ಏಳಿ" ಎಂದರು.

ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಬೇಕಾಗಿದ್ದುದು ಬೇರೆ. ಹೈಸ್ಕೂಲಿನಿಂದ ಒಮ್ಮೆ ಕಾರ್ಖಾನೆ ತೋರಿಸಲು ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ಉಕ್ಕನ್ನು ಬೆಣ್ಣೆಯಂತೆ ಕೊರೆಯುವ ಯಂತ್ರ ಕಂಡು ಬಂದವಳಿಗೆ ಅದರದೇ ಧ್ಯಾನ. "ತಾತ, ನಂಗೆ ಅದನ್ನೇ ಕಲೀಬೇಕು" ಎಂದಳು. ಅವಳ ಅಜ್ಜಿಗೆ ಸಿಟ್ಟು ಬಂತು. "ಎಣ್ಮಗ್ಳು ಕಬ್ಬುಣ ಕುಯ್ಯಾಕ ಓಗದ?" ಎಂದು ಕೇಳಿದರು.

ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ನಾನು ತೀರ್ಪು ಹೇಳಲಿಲ್ಲ. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಬರೆದು ತೋರಿಸಿದೆ. ನನಗೆ ಗೊತ್ತಿರುವ ವಿದ್ಯೆ ಅದೊಂದೇ. ಆ ಲೆಕ್ಕ ನಿಮಗೂ ಇರಲಿ. ನಾಲ್ಕು ವರ್ಷದ ಓದಿಗೆ ವರ್ಷಕ್ಕೆ ಒಂದು ಲಕ್ಷದಂತೆ ಸಾಲ ಮಾಡಿದಿರಿ ಎನ್ನಿ. ಬಡ್ಡಿ ನೂರಕ್ಕೆ ಹತ್ತು ಎಂದು ಸುಲಭಕ್ಕೆ ಇಟ್ಟುಕೊಳ್ಳೋಣ. ಶಿಕ್ಷಣ ಸಾಲದಲ್ಲಿ ಓದುವ ಅವಧಿ ಮತ್ತು ಅದರ ನಂತರ ಸಾಮಾನ್ಯವಾಗಿ ಒಂದು ವರ್ಷ ಕಂತು ಕಟ್ಟುವ ಹಾಗಿಲ್ಲ. ಆದರೆ ಬಡ್ಡಿ ಸುಮ್ಮನೆ ಕೂರುವುದಿಲ್ಲ. ಮೊದಲ ವರ್ಷ 10,000 ರೂಪಾಯಿ. ಎರಡನೆಯ ವರ್ಷ 20,000. ಮೂರನೆಯ ವರ್ಷ 30,000. ನಾಲ್ಕನೆಯ ವರ್ಷ 40,000. ಕೆಲಸ ಹುಡುಕುವ ಐದನೆಯ ವರ್ಷ ಮತ್ತೆ 40,000. ಒಟ್ಟು 1,40,000. ನಾಲ್ಕು ಲಕ್ಷ ಪಡೆದವರು ಮೊದಲ ಕಂತು ಕಟ್ಟುವ ಹೊತ್ತಿಗೆ 5,40,000 ರೂಪಾಯಿಗೆ ಬಾಧ್ಯರು. ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟುತ್ತ ಬಂದರೆ ಅಥವಾ ಸರ್ಕಾರದ ಬಡ್ಡಿ ಸಹಾಯ ಸಿಕ್ಕರೆ ಲೆಕ್ಕ ಬದಲಾಗುತ್ತದೆ. ಹಾಗೆಂದು ಸಾಲ ಮಾಡಬಾರದು ಎಂದಲ್ಲ. ಓದಿಗೆ ಮಾಡಿದ ಸಾಲದಿಂದ ಎದ್ದು ನಿಂತ ಮನೆಗಳನ್ನು ನಾನು ಕೌಂಟರಿನ ಈ ಕಡೆಯಿಂದ ನೋಡಿದ್ದೇನೆ. ಮಗುವಿಗೆ ಆ ಓದು ಬೇಕೇ ಬೇಕು ಎಂದಿದ್ದರೆ ಗದ್ದೆಯ ಮಾತು. ಮಗು ಬೇರೆ ಕಡೆ ನೋಡುತ್ತಿರುವಾಗ ಗದ್ದೆ ಮಾರುವುದು ಯಾತಕ್ಕೆ?

ಅಪ್ಪನಿಗೆ ಇನ್ನೊಂದು ಚಿಂತೆ ಇತ್ತು. ಈ ದಾರಿ ಹಿಡಿದರೆ ಮಗಳು ಎಂದೂ ಬಿ.ಇ. ಆಗುವುದಿಲ್ಲವೇ? ಆಗಬಹುದು. ಡಿಪ್ಲೊಮಾ ಮುಗಿಸಿದವರು ಡಿಪ್ಲೊಮಾ ಸಿಇಟಿ ಬರೆದು ಬಿ.ಇ.ಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶ ನಮ್ಮ ರಾಜ್ಯದಲ್ಲಿದೆ. ಸೇರುವ ಕೋರ್ಸಿಗೆ ಆ ಮಾನ್ಯತೆ ಇದೆಯೇ ಎಂದು ಮೊದಲೇ ಕೇಳಿ ತಿಳಿದುಕೊಂಡರಾಯಿತು.

ಹುಡುಗಿ ಕೊನೆಗೆ ನಗರದ ಇಂಥದೇ ಒಂದು ಶಾಲೆಗೆ ಸೇರಿದಳು. ಮೊದಲ ತಿಂಗಳುಗಳಲ್ಲಿ ಅವಳಿಗೆ ಯಂತ್ರ ಕೊಡಲೇ ಇಲ್ಲ. ಒಂದು ಕಬ್ಬಿಣದ ತುಂಡು, ಒಂದು ಅರ. "ಉಜ್ಜಿ ಚೌಕ ಮಾಡು" ಎಂದರಂತೆ. ಅಂಗೈಯಲ್ಲಿ ಬೊಬ್ಬೆ. ಹಬ್ಬಕ್ಕೆ ಊರಿಗೆ ಬಂದಾಗ ಅಜ್ಜಿ ಆ ಕೈ ನೋಡಿ ಕಣ್ಣೀರಿಟ್ಟರು. ಆದರೆ ಹುಡುಗಿ ನನಗೆ ಮೈಕ್ರೊಮೀಟರ್ ಎಂದರೇನು ಎಂದು ವಿವರಿಸಿದಳು. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿ ಅದರಲ್ಲಿ ಒಂದು ಪಾಲನ್ನು ಅಳೆಯುವ ಸಾಧನ. ತಲೆಗೂದಲಿನ ದಪ್ಪವೇ ಅಂಥ ಐದರಿಂದ ಹತ್ತು ಪಾಲು ಬರುತ್ತದಂತೆ. ಎಪ್ಪತ್ತು ದಾಟಿದ ನನಗೆ ನನ್ನ ನರೆಗೂದಲನ್ನೂ ಅಳೆಯಬಹುದು ಎಂದು ತಿಳಿದದ್ದು ಆಗಲೇ.

ಮೂರನೆಯ ವರ್ಷದ ಹೊತ್ತಿಗೆ ಅವಳ ಮಾತಿನಲ್ಲಿ ಪುಸ್ತಕವೂ ಕೈಯೂ ಒಟ್ಟಿಗೆ ಬರತೊಡಗಿದವು. "ತಾತ, ನಲವತ್ತು ಮಿಲಿಮೀಟರಿನ ಮುಚ್ಚಳ ಬೇಕು ಅಂದ್ರೆ ನಲವತ್ತರ ಅಚ್ಚು ಮಾಡಿದ್ರೆ ಆಗಲ್ಲ" ಎಂದಳು. ಯಾಕಮ್ಮ ಎಂದೆ. ಕಾದ ಪ್ಲಾಸ್ಟಿಕ್ ತಣ್ಣಗಾದಾಗ ಕುಗ್ಗುತ್ತದೆ. ಒಂದೊಂದು ಬಗೆಯದು ಒಂದೊಂದಷ್ಟು. ನೂರಕ್ಕೆ ಒಂದೂವರೆ ಕುಗ್ಗುವ ಪ್ಲಾಸ್ಟಿಕ್ ಆದರೆ ಅಚ್ಚನ್ನು 40.6 ಮಿಲಿಮೀಟರಿಗೆ ಕೊರೆಯಬೇಕು. ಆ 0.6 ಎಲ್ಲಿಂದ ಬಂತು ಎಂಬುದಕ್ಕೆ ಗಣಿತ ಬೇಕು. ಆ 0.6ನ್ನು ಉಕ್ಕಿನಲ್ಲಿ ಮೂಡಿಸುವುದಕ್ಕೆ ಕೈ ಬೇಕು. ಗಣಿತ ಮಾತ್ರ ಬಂದವನು ಕಾಗದದ ಮೇಲೆ ಗೆಲ್ಲುತ್ತಾನೆ. ಕೈ ಮಾತ್ರ ಬಂದವನು ನಿನ್ನೆ ಮಾಡಿದ್ದನ್ನೇ ಇಂದೂ ಮಾಡುತ್ತಾನೆ. ಹೊಸ ಪ್ಲಾಸ್ಟಿಕ್ ಬಂದಾಗ ಹೊಸ ಅಚ್ಚು ಯೋಚಿಸುವವರು ಎರಡನ್ನೂ ಬಲ್ಲವರು.

ನಾಲ್ಕನೆಯ ವರ್ಷ ಕಾರ್ಖಾನೆಗೆ ಹೋದಳು. ಅಲ್ಲಿ ತೊಡಕು ಶುರುವಾಯಿತು. ಹೋದ ದಿನದಿಂದ ಅವಳಿಗೆ ಕೊಟ್ಟ ಕೆಲಸ ಮುಗಿದ ಭಾಗಗಳನ್ನು ಎಣಿಸಿ ಪೆಟ್ಟಿಗೆಗೆ ತುಂಬುವುದು. ಒಂದು ವಾರವಾಯಿತು, ಎರಡು ವಾರವಾಯಿತು, ತಿಂಗಳಾಯಿತು. ಯಂತ್ರದ ಹತ್ತಿರ ಹೋದರೆ ಮೇಲ್ವಿಚಾರಕರು "ನಿನಗ್ಯಾಕಮ್ಮ, ಅಲ್ಲೇ ಕೂತ್ಕೊ" ಎನ್ನುತ್ತಿದ್ದರು. ಫೋನಿನಲ್ಲಿ ಅವಳು ಅಳುತ್ತಿದ್ದಳು. ಅಪ್ಪ ಬೆಳಗಿನ ಬಸ್ಸು ಹತ್ತಿ ಹೋಗಿ ಕರೆದುಕೊಂಡು ಬಂದುಬಿಡುತ್ತೇನೆ ಎಂದು ಹೊರಟು ನಿಂತಿದ್ದರು.

ಅವಳನ್ನು ಕಾಪಾಡಿದ್ದು ಒಂದು ಪುಸ್ತಕ. ತರಬೇತಿಗೆ ಹೋದ ಪ್ರತಿಯೊಬ್ಬರೂ ಅಂದಂದಿನ ಕೆಲಸವನ್ನು ದಿನಚರಿಯಲ್ಲಿ ಬರೆದಿಡಬೇಕೆಂದು ಶಾಲೆಯ ನಿಯಮ. ಹುಡುಗಿ ಚಾಚೂ ತಪ್ಪದೆ ಬರೆದಿದ್ದಳು. ಸೋಮವಾರ: ಎಣಿಕೆ, ಪ್ಯಾಕಿಂಗ್. ಮಂಗಳವಾರ: ಎಣಿಕೆ, ಪ್ಯಾಕಿಂಗ್. ಶಾಲೆಯ ಮೇಷ್ಟ್ರು ಕಾರ್ಖಾನೆಗೆ ಭೇಟಿ ಕೊಟ್ಟಾಗ ಪುಟ ತಿರುವಿ ನೋಡಿದರು. ಯಾರ ಮೇಲೂ ಕೂಗಾಡಲಿಲ್ಲ. ಆ ಪುಸ್ತಕವನ್ನು ವ್ಯವಸ್ಥಾಪಕರ ಮೇಜಿನ ಮೇಲಿಟ್ಟು, "ಇದರಲ್ಲಿ ನಾನು ಯಾವುದಕ್ಕೆ ಅಂಕ ಕೊಡಲಿ?" ಎಂದು ಕೇಳಿದರಂತೆ. ಮರುವಾರದಿಂದ ಅವಳನ್ನು ಅಚ್ಚು ರಿಪೇರಿಯ ವಿಭಾಗಕ್ಕೆ ಹಾಕಿದರು. ಅಲ್ಲಿದ್ದ ಹಿರಿಯ ಕೆಲಸಗಾರರೊಬ್ಬರು, ಓದಿದ್ದು ಏಳನೇ ಕ್ಲಾಸು, ಸವೆದ ಅಚ್ಚನ್ನು ಬೆರಳ ತುದಿಯಿಂದ ಮುಟ್ಟಿಯೇ ಎಲ್ಲಿ ಸವೆದಿದೆ ಎಂದು ಹೇಳುವವರು, ಅವಳನ್ನು ಶಿಷ್ಯೆ ಮಾಡಿಕೊಂಡರು. ನಕ್ಷೆ ಓದುವುದನ್ನು ಅವಳು ಅವರಿಗೆ ಹೇಳಿಕೊಟ್ಟಳಂತೆ. ಬೆರಳಿನಿಂದ ಓದುವುದನ್ನು ಅವರು ಅವಳಿಗೆ ಕಲಿಸಿದರು.

ನಾನು ಈ ಕತೆ ಹೇಳಿದ್ದು ಇದಕ್ಕಾಗಿ. ಕಾರ್ಖಾನೆಯೂ ಒಂದು ತರಗತಿ ಆಗಬಲ್ಲದು. ಆದರೆ ಕಲಿಸುವ ಹೊಣೆಯನ್ನು ಯಾರಾದರೂ ಹೊತ್ತಾಗ ಮಾತ್ರ. ಶಾಲೆ ಮಕ್ಕಳನ್ನು ಕಳಿಸಿ ಕೈ ತೊಳೆದುಕೊಂಡರೆ ಅದು ಸಹಕಾರವಲ್ಲ. ಕಾರ್ಖಾನೆ ಅವರನ್ನು ಅಗ್ಗದ ಆಳುಗಳಂತೆ ದುಡಿಸಿಕೊಂಡರೆ ಅದು ಶಿಕ್ಷಣವಲ್ಲ. ಎರಡು ಹೆಗಲಲ್ಲಿ ಒಂದು ಜಾರಿದರೂ ಮೂಟೆ ಮಗುವಿನ ತಲೆಯ ಮೇಲೆ.

ಆದ್ದರಿಂದ ತಂದೆ ತಾಯಂದಿರೇ, ಮಗುವನ್ನು ಇಂಥ ಶಾಲೆಗೆ ಸೇರಿಸುವ ಮುಂಚೆ ಒಂದು ದಿನ ರಜೆ ಹಾಕಿ ಖುದ್ದಾಗಿ ಹೋಗಿ ನೋಡಿ. ಕಟ್ಟಡವನ್ನಲ್ಲ, ಯಂತ್ರಗಳ ಮುಂದೆ ಮಕ್ಕಳು ನಿಂತಿದ್ದಾರೆಯೇ ಎಂಬುದನ್ನು ನೋಡಿ. ಬಟ್ಟೆ ಹೊದಿಸಿಟ್ಟ ಯಂತ್ರದಿಂದ ಯಾರೂ ಏನೂ ಕಲಿಯುವುದಿಲ್ಲ. ಆಮೇಲೆ ಸಂಕೋಚವಿಲ್ಲದೆ ಕೇಳಿ. ಕಾರ್ಖಾನೆಯ ಅವಧಿ ಪಠ್ಯದ ಭಾಗವೋ, ಅದಕ್ಕೆ ಅಂಕ ಉಂಟೋ? ಕಾರ್ಖಾನೆಯನ್ನು ಗೊತ್ತುಮಾಡುವವರು ಶಾಲೆಯವರೋ, ನಾವೇ ಹುಡುಕಬೇಕೋ? ಮೇಷ್ಟ್ರು ಅಲ್ಲಿಗೆ ಎಷ್ಟು ಸಲ ಹೋಗಿ ನೋಡುತ್ತಾರೆ? ಆ ಅವಧಿಯಲ್ಲಿ ಸ್ಟೈಪೆಂಡ್ ಇದೆಯೇ, ಇದ್ದರೆ ಮಗುವಿನ ಬ್ಯಾಂಕ್ ಖಾತೆಗೆ ಬರುತ್ತದೆಯೇ? ಉಳಿಯುವ ವ್ಯವಸ್ಥೆ ಏನು, ಹೆಣ್ಣುಮಕ್ಕಳಾದರೆ ರಾತ್ರಿ ಪಾಳಿಯ ಮಾತೇನು? ಕೊನೆಗೆ ಸಿಗುವ ಪ್ರಮಾಣಪತ್ರ ಯಾರದು?

ಇನ್ನೊಂದು ಮಾತು. ಅಪ್ರೆಂಟಿಸ್ ಎಂದು ನೇರವಾಗಿ ಕಂಪನಿಗಳಿಗೆ ಸೇರುವ ಮಕ್ಕಳಿಗೆ 1961ರ ಅಪ್ರೆಂಟಿಸ್ ಕಾಯ್ದೆ ಅನ್ವಯಿಸುತ್ತದೆ. ಸೇರುವಾಗ ಒಂದು ಕರಾರು ಬರೆಯಬೇಕು. ಮಗುವಿಗೆ 18 ತುಂಬಿಲ್ಲದಿದ್ದರೆ ಪೋಷಕರ ಸಹಿ ಬೇಕು. ಆ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಟ್ಟೇ ತೀರಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಕಂಪನಿಗೆ ಇಲ್ಲ, ಕರಾರಿನಲ್ಲಿ ಹಾಗೆ ಬರೆದಿದ್ದರೆ ಮಾತ್ರ ಉಂಟು. ಹಾಗೆಯೇ ಅಧಿಕಾರಿಯ ಒಪ್ಪಿಗೆಯಿಲ್ಲದೆ ಅಪ್ರೆಂಟಿಸರನ್ನು ಹೆಚ್ಚುವರಿ ಹೊತ್ತು ದುಡಿಸುವಂತೆಯೂ ಇಲ್ಲ. ಇವೆಲ್ಲ ಕಾಗದದಲ್ಲಿರುವ ವಿಷಯಗಳು. ಚುಕ್ಕಿ ಹಾಕಿದ ಗೆರೆ ತೋರಿಸಿದ ಕೂಡಲೇ ಸಹಿ ಮಾಡುವ ಕೈಗಳನ್ನು ನಾನು ಬ್ಯಾಂಕಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಓದಲು ಬಾರದಿದ್ದರೆ ಓದು ಬಂದ ಮಗಳ ಕೈಗೇ ಕೊಟ್ಟು ಗಟ್ಟಿಯಾಗಿ ಓದಿಸಿ. ಅವಳ ಬಾಳಿನ ಕಾಗದ ಅದು, ಅವಳೇ ಮೊದಲು ಓದಲಿ.

ಎಲ್ಲ ಮಕ್ಕಳೂ ಈ ದಾರಿಗೇ ಬರಲಿ ಎಂದು ನಾನು ಹೇಳುವುದಿಲ್ಲ. ನಕ್ಷತ್ರದ ಲೆಕ್ಕ ಮಾಡುವವರು, ರೋಗಿಯ ನಾಡಿ ಹಿಡಿಯುವವರು, ಕತೆ ಬರೆಯುವವರು ಎಲ್ಲರೂ ಬೇಕು. ಇಲ್ಲಿ ದಿನವಿಡೀ ನಿಂತೇ ಇರಬೇಕು. ಎಣ್ಣೆ, ಕಬ್ಬಿಣದ ಪುಡಿ, ಯಂತ್ರದ ಸದ್ದು. ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು ಹಾಕದೆ ಯಂತ್ರ ಮುಟ್ಟಿದರೆ ಅಪಾಯ. ಹದಿನಾರರ ಮಗು ಮನೆ ಬಿಟ್ಟು ನಗರದಲ್ಲಿರಬೇಕು. ಇದನ್ನೆಲ್ಲ ಬಲ್ಲವರಾಗಿಯೂ "ನನಗೆ ಬೇಕು" ಎನ್ನುವ ಮಗುವಿಗೆ ಮಾತ್ರ ಈ ದಾರಿ. ಅಂಥ ಮಗು ನಿಮ್ಮ ಮನೆಯಲ್ಲಿದ್ದರೆ, ಮಾರ್ಕ್ಸ್ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಬೇಡ ಎನ್ನಬೇಡಿ. ಚೆನ್ನಾಗಿ ಓದುವ ಮಕ್ಕಳು ಬಂದಷ್ಟೂ ಆ ಕೆಲಸದ ಗೌರವ ಹೆಚ್ಚುತ್ತದೆ.

ಆ ಹುಡುಗಿ ಈಗ ಮೈಸೂರಿನಲ್ಲಿ ಅಚ್ಚಿನ ವಿನ್ಯಾಸ ಮಾಡುವ ಕೆಲಸದಲ್ಲಿದ್ದಾಳೆ. ಅರ್ಧ ಎಕರೆ ಗದ್ದೆಯಲ್ಲಿ ಅವಳಪ್ಪ ಈ ಸಲವೂ ಭತ್ತ ನಾಟಿ ಮಾಡಿದ್ದಾರೆ. ಬಿ.ಇ. ಮಾಡುವ ಆಸೆ ಅವಳಿಗಿದೆ. ಅದಕ್ಕೆ ಬೇಕಾದ ದುಡ್ಡನ್ನು ತನ್ನ ಖಾತೆಯಲ್ಲಿ ತಾನೇ ಕೂಡಿಡುತ್ತಿದ್ದಾಳೆ. ಆರ್.ಡಿ. ಮಾಡಿಸಮ್ಮ ಎಂದು ಹೇಳಿದ್ದು ಮಾತ್ರ ನಾನು.

ಇನ್ನು ಮಕ್ಕಳಿಗೆ ಈ ವಾರದ ಲೆಕ್ಕ. ನೂರಕ್ಕೆ ಒಂದೂವರೆಯಷ್ಟು ಕುಗ್ಗುವ ಪ್ಲಾಸ್ಟಿಕ್ಕಿನಿಂದ 80 ಮಿಲಿಮೀಟರ್ ಅಗಲದ ಮುಚ್ಚಳ ಬೇಕು. ಅಚ್ಚನ್ನು ಸುಮಾರು ಎಷ್ಟು ಅಗಲಕ್ಕೆ ಕೊರೆಯಬೇಕು? ಉತ್ತರ ಸಿಕ್ಕವರು ಅಷ್ಟಕ್ಕೇ ಬಿಡಬೇಡಿ. ಮನೆಯಲ್ಲಿರುವ ನಾಲ್ಕು ಮುಚ್ಚಳಗಳನ್ನು ಸ್ಕೇಲಿನಿಂದ ಅಳೆದು, ಅವುಗಳ ಹುಟ್ಟುಗುರುತು ಎಲ್ಲೆಲ್ಲಿದೆ ಎಂದು ಚಿತ್ರ ಬರೆಯಿರಿ. ಅಮ್ಮ ಹುಡುಕುವ ಮುಂಚೆ ಮುಚ್ಚಳಗಳನ್ನು ಆಯಾ ಡಬ್ಬಿಗೆ ಹಾಕಿಬಿಡಿ.